ಅವ್ವ ಕೇಳದೆ ಹೋದ ಅವ್ವನ ಹಾಡು

ನಮ್ಮವ್ವ ಮೊನ್ನೆ ಭಾನುವಾರ ರೇಡಿಯೋದಲ್ಲಿ ಹಾಡಿದಳು! ರಾಮನಗರದ ನಮ್ಮ ಮನೆಯ ಹಾಲ್‌ನಲ್ಲಿ ಹನ್ನೊಂದು ಜನ ಉಸಿರು ಬಿಗಿಹಿಡಿದು ಕೂತು ಕೇಳಿದೆವು. ಅವ್ವ ತೀರಿಕೊಂಡು ಇಪ್ಪತ್ತೆಂಟು ವರ್ಷವಾಯಿತು. ಅವಳ ಫೋಟೋ ನಮ್ಮಲ್ಲಿ ಒಂದೇ ಒಂದಿದೆ, ಅದರಲ್ಲೂ ಕಣ್ಣು ಮುಚ್ಚಿಕೊಂಡಿದ್ದಾಳೆ. ಅಂಥವಳ ದನಿ, ಮುಲುಕದೆ ನಡುಗದೆ, ಬದುಕಿದ್ದಾಗ ಇದ್ದ ಹಾಗೇ ಬಂದು ಕಿವಿಗೆ ಬಿತ್ತು. ಈ ಸುದ್ದಿಯನ್ನು ಹಾಲಿನವನಿಗೆ ಹೇಳಿದ್ದೇನೆ, ಕರೆಂಟು ಬಿಲ್ಲು ಕೊಡಲು ಬಂದವನನ್ನು ನಿಲ್ಲಿಸಿಕೊಂಡು ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತ ಮಾಗಡಿಯ ಹೆಂಗಸೊಬ್ಬಳಿಗೆ ಅವಳು ಇಳಿಯುವ ಸ್ಟಾಪು ದಾಟಿಹೋಗುವ ತನಕ ಹೇಳಿದ್ದೇನೆ. ಆದರೂ ಹೊಟ್ಟೆ ತುಂಬಿಲ್ಲ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರವಣಿಗೆಯಲ್ಲಿ ಹೆಚ್ಚುಕಮ್ಮಿ ಇದ್ದರೆ ಇರಲಿ, ಈ ಸಂತೋಷವನ್ನು ಬರೆದೇ ಬಿಡಬೇಕು.

ಇದಕ್ಕೆಲ್ಲ ಕಾರಣ ಮೊಮ್ಮಗಳು ಸಿಂಚನ. ಹಳ್ಳಿಯವರಿಗಾಗಿ ರೇಡಿಯೋದಲ್ಲಿ ಸಂಜೆ ಹೊತ್ತು ಬರುತ್ತಿದ್ದ ಕಾರ್ಯಕ್ರಮಕ್ಕೆ ಐವತ್ತು ವರ್ಷ ತುಂಬಿತಂತೆ. ಆ ನೆಪದಲ್ಲಿ ಸ್ಟೇಷನ್ನಿನವರು ಹಳೇ ಟೇಪುಗಳನ್ನೆಲ್ಲ ಹೊರಗೆ ತೆಗೆದು, ಭಾನುವಾರಕ್ಕೊಂದು ಊರಿನಂತೆ ಹಾಕುತ್ತಿದ್ದಾರೆ, ನಿಮ್ಮ ಮನೆಯವರು ಯಾರಾದರೂ ಹಾಡಿದ್ದರೆ ತಿಳಿಸಿ ಅನ್ನುತ್ತಿದ್ದಾರೆ ಎಂದು ಅವಳು ಮೊಬೈಲಿನಲ್ಲಿ ಕೇಳಿಸಿಕೊಂಡಳು. ಅವಳೇ ಫೋನ್ ಮಾಡಿ ಊರು, ಹೆಸರು ಬರೆಸಿದಳು. ಎರಡು ವಾರ ಬಿಟ್ಟು ಅಲ್ಲಿಯ ಮೇಡಂ ಒಬ್ಬರು ಫೋನ್ ಮಾಡಿ, ಹೊಂಗನೂರಿನ ನಿಂಗಮ್ಮನವರ ಸೊಪ್ಪಿನ ಹಾಡು ಸಿಕ್ಕಿದೆ, ಟೇಪು ಕೆಟ್ಟಿಲ್ಲ ಅಂದರು. ಖುಷಿಗೆ ನಾನು ಅದನ್ನೇ ಅವರಿಂದ ಇನ್ನೆರಡು ಸಲ ಹೇಳಿಸಿದೆ. ಆದರೆ ಆ ಖುಷಿಯ ಬೆನ್ನಿಗೇ ಇನ್ನೊಂದು ನೆನಪು ಬಂದು ಎದೆಗೆ ಚುಚ್ಚಿತು. ನಮ್ಮ ಮನೆತನದಲ್ಲಿ ಅವ್ವನ ಬಗ್ಗೆ ಒಂದು ಕತೆಯಿದೆ: ರೇಡಿಯೋಗೆ ಸ್ನಾನ ಮಾಡಿಸಿದ ನಿಂಗಮ್ಮ. ನನ್ನ ತಮ್ಮ ಬೋರಯ್ಯ ಅದನ್ನು ಮದುವೆಮನೆ, ನಾಮಕರಣ, ತಿಥಿ ಎಲ್ಲ ಕಡೆಯೂ ಹೇಳುತ್ತಾನೆ. ಎಲ್ಲರೂ ನಗುತ್ತಾರೆ. ಪಕ್ಕದಲ್ಲಿ ಕೂತು ನಾನೂ ನಕ್ಕಿದ್ದೇನೆ. ಆ ಕತೆ ಸುಳ್ಳು. ಅದು ಸುಳ್ಳು ಎಂದು ಗೊತ್ತಿರುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿದ್ದೆ.

ಹೊಂಗನೂರಿನ ನಮ್ಮ ಮನೆಗೆ ಒಂದು ಜಗಲಿ, ಒಂದು ನಡುಮನೆ, ಅದಕ್ಕೆ ಅಂಟಿಕೊಂಡಂತೆ ಒಲೆಯ ಕೋಣೆ, ಪಕ್ಕಕ್ಕೆ ಕೊಟ್ಟಿಗೆ. ಮನೆ ನಮ್ಮದು ಅನ್ನುವುದು ಹೆಸರಿಗೆ. ರೇಷ್ಮೆಹುಳದ ಬೆಳೆ ಇಟ್ಟರೆಂದರೆ ನಡುಮನೆ ಪೂರಾ ಹುಳದ್ದು. ಬಿದಿರಿನ ತಟ್ಟೆಗಳು ಅಂತಸ್ತು ಅಂತಸ್ತಾಗಿ ಸೂರಿನ ತನಕ ಏರುತ್ತಿದ್ದವು. ಇರುವೆ ಹತ್ತದ ಹಾಗೆ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲಲ್ಲಿ ನಿಲ್ಲಿಸುತ್ತಿದ್ದರು. ನಾವು ಐದು ಜನ, ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ನಾನು, ಬೋರಯ್ಯ, ಜಗಲಿಯಲ್ಲೋ ಕೊಟ್ಟಿಗೆಯ ದನಗಳ ಪಕ್ಕದಲ್ಲೋ ಮಲಗುತ್ತಿದ್ದೆವು. ಹುಳ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ ಸರಸರ ಸದ್ದು. ಅವು ಪೊರೆ ಬಿಡುವ ದಿನಗಳಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಬೆಳೆಗೆ ನಾಲ್ಕು ಜ್ವರ. ಹುಳ ಜ್ವರಕ್ಕೆ ಕೂತವು ಅಂದರೆ ಮೇವು ನಿಲ್ಲುತ್ತಿತ್ತು, ಸದ್ದು ನಿಲ್ಲುತ್ತಿತ್ತು, ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವಂತಿರಲಿಲ್ಲ. ನನಗೂ ಬೋರಯ್ಯನಿಗೂ ಜಗಳ ಬಂದರೆ ಬೀದಿಯ ಕೊನೆಗೆ ಹೋಗಿ ಕಿತ್ತಾಡಿಕೊಂಡು ಬರಬೇಕಾಗಿತ್ತು. ಅಷ್ಟು ದೂರ ನಡೆಯುವಷ್ಟರಲ್ಲಿ ಜಗಳಕ್ಕೆ ಕಾರಣ ಏನು ಅನ್ನುವುದೇ ಎಷ್ಟೋ ಸಲ ಮರೆತುಹೋಗಿರುತ್ತಿತ್ತು.

ಊಟವೂ ಹುಳ ಹೇಳಿದ ಹಾಗೆ. ಘಾಟು ತಾಗಿದರೆ ಹುಳ ಸಾಯುತ್ತವೆ ಎಂದು ಒಗ್ಗರಣೆ ಇರಲಿಲ್ಲ, ಮೆಣಸಿನಕಾಯಿ ಹುರಿಯುವಂತಿರಲಿಲ್ಲ. ಬೆಳೆ ಮುಗಿಯುವ ತನಕ ಮುದ್ದೆ, ಉಪ್ಸಾರು, ಕಲ್ಲಿನಲ್ಲಿ ಅರೆದ ಖಾರ. ಅಪ್ಪನಿಗೆ ಬೀಡಿಯ ಚಟ, ಅದನ್ನು ಬೀದಿಯಾಚೆ ಸೇದಿ, ಕೈಬಾಯಿ ತೊಳೆದು, ಅಜ್ಜಿಯ ಮುಂದೆ ಅಂಗೈ ಚಾಚಿ ನಿಲ್ಲಬೇಕು. ಅಜ್ಜಿ ಮೂಸಿ ನೋಡಿ ಬಿಟ್ಟರೆ ಒಳಗೆ. ನೆಂಟರು ಬಂದರೂ ಜಗಲಿಯಲ್ಲೇ. ಇಷ್ಟು ಕಟ್ಟುನಿಟ್ಟಿನ ಮನೆಯೊಳಕ್ಕೆ ಹೊರಗಿನಿಂದ ಬಂದು, ಯಾರ ಅಪ್ಪಣೆಯೂ ಇಲ್ಲದೆ ಮಾತಾಡುತ್ತಿದ್ದದ್ದು ರೇಡಿಯೋ ಒಂದೇ. ಒಂದು ಬೆಳೆ ಚೆನ್ನಾಗಿ ಬಂದ ವರ್ಷ ಅಪ್ಪ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋದವನು ಅದನ್ನು ಟವಲಿನಲ್ಲಿ ಸುತ್ತಿ ಮಗುವಿನ ಹಾಗೆ ಎತ್ತಿಕೊಂಡು ಬಂದಿದ್ದ. ಹುಳಕ್ಕೆ ಸೊಪ್ಪು ಹಾಕುತ್ತಾ ಕೇಳಬಹುದು ಅಂತ ಅದನ್ನು ನಡುಮನೆಯ ಗೋಡೆಯ ಗೂಡಿನಲ್ಲೇ ಇಟ್ಟರು. ಅವ್ವ ಅದಕ್ಕೊಂದು ಹೂವಿನ ಬಟ್ಟೆಯ ಗವಸು ಹೊಲಿದಳು. ಸಿನಿಮಾ ಹಾಡು ಬರುವ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕುವ ಕೆಲಸ ಇಟ್ಟುಕೊಳ್ಳುತ್ತಿದ್ದಳು. ಒಂದು ಸಲ ಕೇಳಿದ ಹಾಡು ಅವಳಿಗೆ ಪೂರಾ ಬರುತ್ತಿತ್ತು, ಮಾತು ಮರೆತ ಕಡೆ ತನ್ನದೇ ಮಾತು ಸೇರಿಸಿ ಮುಗಿಸುತ್ತಿದ್ದಳು. ವಾರ್ತೆ ಓದುವ ಗಂಡಸಿನ ದನಿ ಬಂದರೆ ಅಜ್ಜಿ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು.

"ಅವ್ನಿಗೆ ನೀನ್ ಕಾಣಕಿಲ್ಲ ಕಣತ್ತೆ," ಅನ್ನುತ್ತಿದ್ದಳು ಅವ್ವ.

"ಅವ್ನಿಗೆ ಕಾಣ್ದಿದ್ರೆ ನಂಗೆ ಮಾನ ಇಲ್ವ?" ಅನ್ನುತ್ತಿದ್ದಳು ಅಜ್ಜಿ.

ಅಂಥ ದಿನಗಳಲ್ಲೇ ರೇಡಿಯೋದವರು ಜೀಪಿನಲ್ಲಿ ಊರಿಗೆ ಬಂದದ್ದು. ಹಳ್ಳಿಯವರ ಹಾಡು ಹಿಡಿದುಕೊಳ್ಳಲು ಬಂದಿದ್ದಾರೆ ಅಂತ ಸುದ್ದಿ. ಯಾರನ್ನು ಕೇಳಿದರೂ ನಿಂಗಮ್ಮನ ಮನೆ ತೋರಿಸಿದರು, ಯಾಕೆಂದರೆ ಸೊಪ್ಪು ಕೊಯ್ಯುವಾಗ ಅವ್ವ ಹಾಡಿದರೆ ಪಕ್ಕದ ಮೂರು ತೋಟಗಳಲ್ಲಿ ಕೊಯ್ಯುವವರು ಅದಕ್ಕೆ ತಕ್ಕಂತೆ ಕೈ ಆಡಿಸುತ್ತಿದ್ದರು. ಆಗ ಹುಳ ಇರಲಿಲ್ಲ. ಹಿಂದಿನ ಬೆಳೆ ರೋಗ ಬಂದು, ಗೂಡು ಕಟ್ಟಲು ಹಣ್ಣಾಗುವ ಹೊತ್ತಿಗೆ ತಟ್ಟೆತಟ್ಟೆಯೇ ಕರಗಿ ತಿಪ್ಪೆ ಸೇರಿತ್ತು. ಹಾಗಾಗಿ ರೇಡಿಯೋದವರಿಗೆ ಜಗಲಿ ಸಿಕ್ಕಿತು. ಕಪ್ಪು ಕನ್ನಡಕದ ಒಬ್ಬರು ಅವ್ವನ ಬಾಯಿಗೆ ಮೈಕು ಹಿಡಿದರು.

"ಇದ್ರ ಮಕ ನೋಡ್ಕಂಡು ಹೆಂಗ್ ಹಾಡದು ಸ್ವಾಮಿ? ಇದು ಹೂಂ ಅನ್ನಕಿಲ್ಲ, ಊಹೂಂ ಅನ್ನಕಿಲ್ಲ," ಅಂದಳು ಅವ್ವ.

"ನಾನು ಹೂಂ ಅಂತೀನಿ, ಹಾಡಮ್ಮ," ಅಂದರು ಅವರು.

ಹಾಡಿದಳು. ನಾನು ಕಂಬ ತಬ್ಬಿಕೊಂಡು ನೋಡುತ್ತಿದ್ದೆ. ಆಮೇಲೆ ಅವರು ಏನೇನೋ ಕೇಳಿದರು, ಇವಳು ಏನೇನೋ ಹೇಳಿದಳು. ಅಷ್ಟರಲ್ಲಿ ಅಜ್ಜಿ ನನ್ನನ್ನು ಕಾಫಿಗೆ ಬೆಲ್ಲ ತರಲು ಓಡಿಸಿದ್ದರಿಂದ ಆ ಮಾತು ನನಗೆ ಕೇಳಿಸಲಿಲ್ಲ. ಹದಿನೈದು ದಿನ ಬಿಟ್ಟು ಬರುವ ಗುರುವಾರ ಸಂಜೆ ಹಾಡು ಬರುತ್ತದೆ ಎಂದು ಹೇಳಿ ಜೀಪು ಹತ್ತಿದರು. ಆ ಹದಿನೈದು ದಿನ ಅವ್ವ ಸೆಲ್ಲು ಸವೆಯುತ್ತದೆ ಎಂದು ರೇಡಿಯೋ ಹಾಕಲು ಯಾರಿಗೂ ಬಿಡಲಿಲ್ಲ. ಸಿನಿಮಾ ಹಾಡಿನ ಹೊತ್ತಿಗೂ ಬರೀ ಗವಸು ಸರಿಮಾಡಿ ಸುಮ್ಮನಾಗುತ್ತಿದ್ದಳು.

ಹೊಸ ಮೊಟ್ಟೆ ತರುವ ಮುಂಚೆ ಮನೆ ಶುದ್ಧ ಮಾಡಬೇಕಾಗಿತ್ತು. ರೇಷ್ಮೆ ಆಫೀಸಿನಿಂದ ಸಾಹೇಬರೊಬ್ಬರು ಬಂದು ಹೇಗೆ ಮಾಡಬೇಕೆಂದು ತಿಳಿಸಿಕೊಟ್ಟರು. ಹಿತ್ತಿಲ ತೊಟ್ಟಿಯಲ್ಲಿ ಔಷಧಿ ನೀರು ಕಲಸಬೇಕು, ನಡುಮನೆಯಲ್ಲಿರುವ ಒಂದು ಸಾಮಾನನ್ನೂ ಬಿಡದೆ ಅದರಲ್ಲಿ ಮುಳುಗಿಸಬೇಕು, ಗುಳ್ಳೆ ನಿಲ್ಲುವ ತನಕ ಅದುಮಿ ಹಿಡಿಯಬೇಕು, ಆಮೇಲೆ ಬಿಸಿಲಿಗೆ ಹಾಕಬೇಕು. ಒಂದೇ ಒಂದು ಸಾಮಾನು ಬಿಟ್ಟರೂ ರೋಗ ಅದರಲ್ಲೇ ಕೂತಿರುತ್ತದೆ ಅಂದರು. ಕರಗಿಹೋದ ಹುಳಗಳನ್ನು ಮಂಕರಿಯಲ್ಲಿ ತುಂಬಿ ತಿಪ್ಪೆಗೆ ಹೊತ್ತವಳು ನಾನು, ಅದರ ನಾತ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ಅವರ ಒಂದೊಂದು ಮಾತೂ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಗುರುವಾರಕ್ಕೆ ಮೂರು ದಿನ ಇತ್ತು. ಅಪ್ಪ ಬೋರಯ್ಯನನ್ನು ಸೈಕಲ್ಲಿನ ಮುಂದೆ ಕೂರಿಸಿಕೊಂಡು ಚನ್ನಪಟ್ಟಣಕ್ಕೆ ಹೋಗಿದ್ದ. ಅವ್ವ ತೋಟಕ್ಕೆ ನೀರು ಹಾಯಿಸಲು ಹೋಗಿದ್ದಳು. ತಟ್ಟೆ ಅದ್ದುವ ಕೆಲಸ ನನ್ನದು. ನಾನು ತಟ್ಟೆ ಅದ್ದಿದೆ, ಸೊಪ್ಪು ಕತ್ತರಿಸುವ ಕತ್ತಿ ಅದ್ದಿದೆ, ಮಣೆ ಅದ್ದಿದೆ, ಹಣ್ಣಾದ ಹುಳ ಬಿಡುವ ಚಂದ್ರಿಕೆಗಳನ್ನು ಅದ್ದಿದೆ. ನಡುಮನೆ ಖಾಲಿಯಾಯಿತು. ಗೂಡಿನಲ್ಲಿ ರೇಡಿಯೋ ಕೂತಿತ್ತು.

ನನಗೆ ಒಂಬತ್ತು ವರ್ಷ. ರೇಡಿಯೋಗೆ ನೀರು ತಾಗಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳುವ ಸಂದರ್ಭವೇ ಬಂದಿರಲಿಲ್ಲ. ಅದು ರೋಗ ಬಂದ ಕೋಣೆಯಲ್ಲೇ ಇತ್ತು, ಅದನ್ನೊಂದು ಬಿಟ್ಟು ಮತ್ತೆ ಬೆಳೆ ಹೋದರೆ ಅದು ನನ್ನ ತಪ್ಪು. ಗವಸು ಬಿಚ್ಚಿ ಬೇರೆ ಅದ್ದಿದೆ. ಸೆಲ್ಲುಗಳನ್ನು ತೆಗೆದು ಬೇರೆ ಅದ್ದಿದೆ. ರೇಡಿಯೋವನ್ನು ಎರಡು ಕೈಯಲ್ಲಿ ಹಿಡಿದು ಮುಳುಗಿಸಿದೆ. ಅದರಿಂದ ಬಂದಷ್ಟು ಗುಳ್ಳೆ ಇನ್ಯಾವ ಸಾಮಾನಿನಿಂದಲೂ ಬಂದಿರಲಿಲ್ಲ. ಇದರಲ್ಲೇ ರೋಗ ಇದ್ದದ್ದು ಅಂದುಕೊಂಡೆ. ಗುಳ್ಳೆ ನಿಂತ ಮೇಲೆ ಎತ್ತಿ, ತಟ್ಟೆಗಳ ಸಾಲಿನಲ್ಲಿ ಮುಖ ಸೂರ್ಯನ ಕಡೆಗೆ ಮಾಡಿ ಒಣಗಲು ಇಟ್ಟೆ. ಕೆಲಸ ಮುಗಿಸಿದ ಹೆಮ್ಮೆಯಲ್ಲಿ ಜಗಲಿಗೆ ಬಂದು ಕೂತೆ. ಅಜ್ಜಿ ನಿದ್ದೆ ಮಾಡುತ್ತಿದ್ದಳು.

ಅವ್ವ ಬಂದವಳು ಹಿತ್ತಿಲಲ್ಲಿ ನಿಂತುಬಿಟ್ಟಳು. ಸೆಲ್ಲು ಹಾಕಿ ಗುಂಡಿ ತಿರುಗಿಸಿದಳು. ಹಾಡು ಬರುವ ತೂತುಗಳಿಂದ ನೀರು ಸೋರಿ ಅವಳ ಮೊಣಕೈ ತನಕ ಇಳಿಯಿತು. ನನ್ನ ಮುಖ ನೋಡಿದಳು. ನನಗೆ ಆಗ ಅರ್ಥವಾಯಿತು. ಅಳಲು ಬಾಯಿ ತೆರೆಯುವಷ್ಟರಲ್ಲಿ ಬೀದಿಯಲ್ಲಿ ಅಪ್ಪನ ಸೈಕಲ್ ಬೆಲ್ಲು. ಅವ್ವ ನನ್ನ ಬಾಯಿಗೆ ಒದ್ದೆ ಕೈ ಇಟ್ಟಳು.

"ಯಾರ್ ಮಾಡಿದ್ದು ಇದ?" ಅಂದ ಅಪ್ಪ. ದನಿ ಸಣ್ಣದಾಗಿತ್ತು, ಅದೇ ಹೆದರಿಕೆ.

"ನಾನೇಯ," ಅಂದಳು ಅವ್ವ. "ಒಂದ್ ಸಾಮಾನೂ ಬುಡಬ್ಯಾಡಿ ಅಂದಿದ್ರಲ್ಲ ಸಾಹೇಬ್ರು."

"ನಿಂಗೆ ಒಸಿನಾದ್ರೂ ಬುದ್ಧಿ ಐತಾ?"

"ಇದ್ದಿದ್ರೆ ಹಾಕ್ತಿದ್ನಾ?"

ಬೋರಯ್ಯ ಸೈಕಲ್ಲಿನ ಪಕ್ಕ ನಿಂತು ಇದನ್ನು ಕೇಳಿಸಿಕೊಂಡ. ಅವನಿಗೆ ಏಳು ವರ್ಷ. ಅವನು ಇವತ್ತಿಗೂ ಹೇಳುವ ಕತೆ ಅಲ್ಲಿಂದ ಶುರುವಾಗುತ್ತದೆ. ಸದ್ದಿಗೆ ಎದ್ದ ಅಜ್ಜಿ ವಿಷಯ ತಿಳಿದು, ಒಳ್ಳೇದೇ ಆಯ್ತು ಬುಡು, ಇನ್ನು ಆ ಗಂಡಸಿನ ಕಾಟ ಇಲ್ಲ ಅಂದಳು. ಅಪ್ಪ ಹೊಡೆಯಲಿಲ್ಲ. ಹೊಡೆದಿದ್ದರೆ ಅವತ್ತಿಗೇ ಮುಗಿಯುತ್ತಿತ್ತೇನೋ. ಅವನು ಅವ್ವನ ಜೊತೆ ಮಾತು ಬಿಟ್ಟ. ಎರಡು ತಿಂಗಳು ಬಿಟ್ಟ.

ಗುರುವಾರ ಸಂಜೆ ಬಸ್‌ಸ್ಟ್ಯಾಂಡಿನ ಕಾಫಿ ಹೋಟೆಲಿನ ರೇಡಿಯೋ ಮುಂದೆ ಊರೇ ಸೇರಿತು. ಅಕ್ಕಪಕ್ಕದ ಹೆಂಗಸರು ಬಂದು ಅವ್ವನನ್ನು ಕರೆದರು. ಅವ್ವ ಒಲೆಯ ಮುಂದಿನಿಂದ ಏಳಲಿಲ್ಲ.

"ಮನೇಲಿದ್ದ ರೇಡಿಯೋನ ಮುಳುಗಿಸ್ಬುಟ್ಟು ಹೋಟ್ಲು ಮುಂದೆ ಹೋಗಿ ನಿಂತ್ಕಂಡ್ರೆ ಇವ್ರ ಮರ್ವಾದೆ ಏನಾಯ್ತದೆ? ನೀವು ಕೇಳ್ಕಂಡ್ ಬನ್ರವ್ವ," ಅಂದಳು.

ನಾನೂ ಹೋಗಲಿಲ್ಲ. ಅವಳ ಸೆರಗು ಹಿಡಿದು ಕೂತಿದ್ದೆ. ಬೀದಿ ಬಿಕೋ ಅನ್ನುತ್ತಿತ್ತು. ದೂರದಿಂದ ಏನಾದರೂ ಕೇಳಿಸುತ್ತದೇನೋ ಅಂತ ಅವ್ವ ಒಂದು ಸಲ ಮುದ್ದೆ ತಿರುವುವ ಕೋಲನ್ನು ನಿಲ್ಲಿಸಿದಳು. ಏನೂ ಕೇಳಿಸಲಿಲ್ಲ, ಮತ್ತೆ ತಿರುವಿದಳು. ಆಮೇಲೆ ಅಪ್ಪ ಬಂದು ಊಟಕ್ಕೆ ಕೂತ. ಇಬ್ಬರ ನಡುವೆ ಎರಡು ಮಾರು ದೂರ ಇರಲಿಲ್ಲ. ಮಧ್ಯದಲ್ಲಿ ನಾನು.

"ನಿಮ್ಮವ್ವಂಗೆ ಯೋಳು, ಹಾಡು ಬಂತು ಅಂತ," ಅಂದ ಅಪ್ಪ.

"ನಿಮ್ಮಪ್ಪನ್ನ ಕೇಳು, ಹೆಂಗಿತ್ತು ಅಂತ," ಅಂದಳು ಅವ್ವ.

ಅಪ್ಪ ಮುದ್ದೆ ಮುರಿದು, ನುಂಗಿ, ನೀರು ಕುಡಿದ. "ನಿಮ್ಮವ್ವಂಗೆ ಯೋಳು, ಚೆನ್ನಾಗಿತ್ತು ಅಂತ."

ನಾನು ಇಬ್ಬರಿಗೂ ಹೇಳಿದೆ. ಅವ್ವ ತನ್ನ ಹಾಡು ಕೇಳಿದ್ದು ಅಷ್ಟೇ. ಆಗೆಲ್ಲ ಒಂದು ಸಲ ಬಂದದ್ದು ಮತ್ತೆ ಬರುತ್ತದೆ ಅನ್ನುವುದು ಇರಲಿಲ್ಲ. ಆಮೇಲೆ ಮನೆಗೆ ಇನ್ನೊಂದು ರೇಡಿಯೋ ಬಂತು, ಟಿ.ವಿ.ಯೂ ಬಂತು, ಆ ಹಾಡು ಬರಲಿಲ್ಲ. ನನ್ನ ಮದುವೆ ಗೊತ್ತಾದಾಗ, ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಅಂದೆ. ಅವ್ವ ಗದರಿದಳು.

"ಸುಮ್ಕಿರು ಗೌರಿ. ಆ ಬೈಗಳ ಎಲ್ಲ ನಾನು ಆಗ್ಲೇ ತಿಂದು ಅರಗಿಸ್ಕಂಡಿವ್ನಿ. ಈಗ ಎಲ್ರೂ ನಗ್ತಾವ್ರೆ, ನಗ್ಲಿ ಬುಡು."

ಅಪ್ಪ ಹೋದ, ಅವ್ವ ಹೋದಳು. ನಾನು ಬಾಯಿ ಬಿಡಲಿಲ್ಲ. ಮೊದಲು ಹೆದರಿಕೆ, ಆಮೇಲೆ ಅವ್ವನ ಮಾತು, ಆಮೇಲೆ ಬರೀ ಅಭ್ಯಾಸ.

ಭಾನುವಾರ ಬೋರಯ್ಯ ಹೆಂಡತಿ, ಮಕ್ಕಳು, ಮೊಮ್ಮಗನನ್ನು ಕಟ್ಟಿಕೊಂಡು, ಕಾಲು ಕಟ್ಟಿದ ಒಂದು ನಾಟಿಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊಂಗನೂರಿನಿಂದ ಬಂದ. ಸಿಂಚನ ಮೊಬೈಲನ್ನು ದೊಡ್ಡ ಸ್ಪೀಕರಿಗೆ ಸೇರಿಸಿದಳು. ನನಗೆ ಒಳಗೊಳಗೇ ಭಯ, ದನಿ ಗುರುತು ಸಿಗದೆ ಹೋದರೆ? ನಾಲ್ಕು ಗಂಟೆಗೆ ಹಾಡು ಶುರುವಾಯಿತು. ಮೊದಲ ಉಸಿರಿಗೇ ಗೊತ್ತಾಯಿತು. ಹಾಡು ಎತ್ತುವ ಮುಂಚೆ ಅವ್ವ ಮೂಗಿನಲ್ಲಿ ಒಂದು ಸಣ್ಣ ಎಳೆತ ಎಳೆಯುತ್ತಿದ್ದಳು, ಅದು ನನಗೆ ಪೂರಾ ಮರೆತುಹೋಗಿತ್ತು. ನಾನು ಜೋರಾಗಿ ಅತ್ತೆ, ಜೋರಾಗಿ ನಕ್ಕೆ, ಸೊಸೆ ನೀರು ತಂದುಕೊಟ್ಟಳು. ಬೋರಯ್ಯ ಗೋಡೆ ನೋಡುತ್ತಾ ಕೂತಿದ್ದ. ಹಾಡು ಮುಗಿದ ಮೇಲೆ ಆ ಕಪ್ಪು ಕನ್ನಡಕದವರ ಪ್ರಶ್ನೆ ಬಂತು. ನಾನು ಬೆಲ್ಲ ತರಲು ಹೋಗಿದ್ದಾಗ ಆಡಿದ ಮಾತು.

"ಈ ಹಾಡು ಯಾರ ಹತ್ರ ಕಲಿತಿರಮ್ಮ?"

"ಕಲ್ಯಾದೇನ್ ಸ್ವಾಮಿ? ಸೊಪ್ಪು ಕುಯ್ಯೋವಾಗ ಕೈಗೆ ಕೆಲ್ಸ ಇರ್ತದೆ, ಬಾಯಿಗೂ ಒಂದ್ ಕೆಲ್ಸ ಬ್ಯಾಡ್ವಾ?"

"ನಿಮ್ಮ ಹಾಡು ರೇಡಿಯೋದಲ್ಲಿ ಬಂದಾಗ ಕೇಳ್ತೀರಾ?"

"ಕೇಳ್ದೆ ಇರ್ತೀನಾ! ಯಾರ ಮನೆ ಬಾಗ್ಲಿಗೂ ಹೋಗಂಗಿಲ್ಲ. ನಮ್ಮನೇಲೇ ಐತಲ್ಲ ರೇಡಿಯೋ!"

ಹಾಲ್‌ನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮಕ್ಕಳು, ಸೊಸೆಯಂದಿರು, ಎಲ್ಲರಿಗೂ ಸ್ನಾನದ ಕತೆ ಬಾಯಿಪಾಠ. ಕಣ್ಣೊರೆಸಿಕೊಳ್ಳುತ್ತಿದ್ದ ಬೋರಯ್ಯನೂ ತೊಡೆ ತಟ್ಟಿ ನಕ್ಕ. "ಅಂಗಂದೋಳೇ ನೀರಿಗೆ ಹಾಕುದ್ಲಲ್ಲ ಕಣ್ರೋ!" ಅಂದ. ಅವ್ವನ ದನಿಯಲ್ಲಿದ್ದ ಆ ಗತ್ತು ಇನ್ನೂ ನನ್ನ ಕಿವಿಯಲ್ಲಿತ್ತು. ಆ ಸಲ ನನಗೆ ನಗಲು ಆಗಲಿಲ್ಲ.

ಸಂಜೆ ಏಳಕ್ಕೆ ಎಲ್ಲರೂ ಹಾಲ್‌ನಲ್ಲೇ ಸಾಲಾಗಿ ನೆಲದ ಮೇಲೆ ಊಟಕ್ಕೆ ಕೂತರು. ಮುದ್ದೆ, ಕೋಳಿಸಾರು, ಅನ್ನ. ನಾನು ಬಡಿಸುತ್ತಾ ಬಂದವಳು ಬೋರಯ್ಯನ ಮುಂದೆ ಸೌಟು ಹಿಡಿದು ನಿಂತೆ.

"ಬೋರ, ಅವತ್ತು ರೇಡಿಯೋನ ನೀರಿಗೆ ಹಾಕಿದ್ದು ಅವ್ವ ಅಲ್ಲ ಕಣೋ. ನಾನು."

ಬೋರಯ್ಯ ತಲೆಯೆತ್ತಿದ.

"ಏನಂದೆ?"

"ನಾನೇ ಹಾಕಿದ್ದು. ಸಾಹೇಬ್ರು ಯೋಳಿದ್ರು ಅಂತ, ಸೆಲ್ಲು ಬಿಚ್ಚಿ, ಗುಳ್ಳೆ ನಿಲ್ಲೋಗಂಟ ಅದುಮಿದ್ದೆ. ಅಪ್ಪ ನನ್ನ ಬಡೀತಾನೆ ಅಂತ ಅವ್ವ ತನ್ನ ಮೇಲೆ ಹಾಕ್ಕಂಡ್ಲು. ಹಾಡು ಕೇಳ್ದಂಗೆ ಆಗಿದ್ದು ನನ್ನಿಂದ."

ಸೌಟಿನಿಂದ ಸಾರು ನನ್ನ ಕಾಲಿನ ಮೇಲೆ ತೊಟ್ಟಿಕ್ಕುತ್ತಿತ್ತು, ಸಿಂಚನ ಬಂದು ಅದನ್ನು ತೆಗೆದುಕೊಂಡಳು. ಬೋರಯ್ಯ ಮುರಿದ ಮುದ್ದೆಯನ್ನು ತಟ್ಟೆಗೆ ವಾಪಸ್ಸು ಇಟ್ಟ.

"ಐವತ್ತು ವರ್ಷ," ಅಂದ. "ಐವತ್ತು ವರ್ಷ ಅವ್ವನ್ನ ಆಡ್ಕಂಡಿವ್ನಿ. ನೀನು ಪಕ್ಕದಾಗೆ ಕೂತ್ಕಂಡು ಕಿಸಿಯೋಳು."

"ಹೂಂ ಕಣಪ್ಪ."

"ಅವ್ಳ ಮುಂದೇನೇ ಆಡ್ಕಂಡಿವ್ನಲ್ಲಕ್ಕ. ಅವ್ಳೂ ನಗೋಳು."

"ಹೂಂ."

ಅವನ ಹೆಂಡತಿ, ಊಟದ ಮುಂದೆ ಕಣ್ಣೀರು ಬೇಡ ಅಂದಳು. ಬೋರಯ್ಯ ಎಡಗೈಯಿಂದ ಮುಖ ಒರೆಸಿಕೊಂಡು, ನನ್ನ ಕೈ ಹಿಡಿದು ಎಳೆದು ತನ್ನ ಪಕ್ಕದಲ್ಲಿ ಕೂರಿಸಿದ. ನನಗೊಂದು ತಟ್ಟೆ ತರಿಸಿದ, ತಾನೇ ಮುದ್ದೆ ಇಟ್ಟು, ಕೋಳಿಯ ಒಳ್ಳೇ ತುಂಡು ಹುಡುಕಿ ಹಾಕಿದ.

"ಸರಿ ಬುಡು. ಇನ್ಮೇಲೆ ನಿನ್ನ ಆಡ್ಕತೀನಿ."

"ಆಡ್ಕೊ," ಅಂದೆ.

ಎದುರಿಗೆ ಅವನ ಮೊಮ್ಮಗ ಕೋಳಿಕಾಲು ಚೀಪುತ್ತಾ ಕೂತಿದ್ದ. ಬೋರಯ್ಯ ಅವನ ಕಡೆ ತಿರುಗಿ, ಕತೆಯನ್ನು ಮೊದಲಿನಿಂದ ಶುರು ಮಾಡಿದ.

"ಕೇಳ್ಲಾ ಮಗ, ನಮ್ಮಕ್ಕ ಸಣ್ಣೋಳಿದ್ದಾಗ ಒಂದಿನ ಏನ್ ಮಾಡುದ್ಲು ಅಂದ್ರೆ..."